ಸೆಲ್ ಇಲ್ಲದ ಮೀಟರು ಕೂಗಿದ್ದು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ಮೈಮೇಲೆ ಬರುವುದು ಎಂದರೆ ನಗುವ ಜಾತಿಯವನು ನಾನು. ಅಗ್ನಿಶಾಮಕ ದಳದ ನೌಕರಿಯಲ್ಲೇ ನನ್ನ ಕೂದಲು ಹಣ್ಣಾಯಿತು. ಬೆಂಕಿ ಬಿದ್ದ ಮನೆಗಳಲ್ಲಿ ನಾನು ಕಂಡಿದ್ದು ದೆವ್ವವನ್ನಲ್ಲ, ಕೆಟ್ಟ ವೈರಿಂಗನ್ನು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಆಗ ನಾನು ಆಳಂದ ಸೀಮೆಯಲ್ಲಿದ್ದೆ. ವಿಷದ ಗಾಳಿಯನ್ನು ಪತ್ತೆ ಹಚ್ಚುವ ಮೀಟರೊಂದು ನಮಗೆ ಹೊಸದಾಗಿ ಬಂದಿತ್ತು. ಅಂಗೈಯಷ್ಟು ಅಗಲ, ಹಳದಿ ಬಣ್ಣ. ಅಪಾಯದ ಅನಿಲ ಸೋಕಿದರೆ ಕೆಂಪು ದೀಪ ಮಿನುಗಿಸಿ ಕೀಂ ಕೀಂ ಎಂದು ಕೂಗಬೇಕು. ನಮ್ಮದು ಊದುಬತ್ತಿಗೂ ಕೂಗುತ್ತಿತ್ತು, ಸಾಹೇಬರ ಸೆಂಟಿಗೂ ಕೂಗುತ್ತಿತ್ತು. ಆಯುಧಪೂಜೆಯ ದಿನ ನಮ್ಮ ಡ್ರೈವರ್ ಶರಣಪ್ಪ ಗಾಳಿ ಒಳಹೋಗುವ ತೂತಿಗೇ ಗುರಿಯಿಟ್ಟು ಕುಂಕುಮ ಹಚ್ಚಿದ. ಆಮೇಲೆ ನಾನು ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನು ತೆಗೆಯುವವರೆಗೂ ಮೀಟರು ಮೌನವ್ರತ ಹಿಡಿದಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ನರೋಣಾದ ಆಚೆಗಿನ ಹಳ್ಳಿಯೊಂದರಿಂದ ಫೋನು ಬಂತು. ಹೊಲದ ದಾರಿಯಲ್ಲಿ ನೀಲಿ ಡ್ರಮ್ಮೊಂದು ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ, ಒಳಗಿಂದ ಬುಸ್ ಬುಸ್ ಸದ್ದು, ವಾಸನೆಗೆ ನಿಲ್ಲಲಾಗುತ್ತಿಲ್ಲ, ಯಾರೋ ಕಾರ್ಖಾನೆಯ ವಿಷ ಎಸೆದು ಹೋಗಿದ್ದಾರೆ ಎಂದರು. ನಾವು ಹೋಗಿ ಹಳದಿ ಪಟ್ಟಿ ಕಟ್ಟಿದೆವು, ಜನರನ್ನು ಗಾಳಿ ಬರುವ ದಿಕ್ಕಿಗೆ ಸರಿಸಿದೆವು. ನಾನು ಮುಖವಾಡ, ಸಿಲಿಂಡರು ಏರಿಸಿಕೊಂಡು, ಮೀಟರು ಮುಂದೆ ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಡ್ರಮ್ಮಿನ ಕಡೆ ಹೊರಟೆ. ಇಡೀ ಊರು ಮೊಬೈಲ್ ಎತ್ತಿ ಹಿಡಿದಿತ್ತು.

ಗುಂಡಿ ಒತ್ತಿದೆ. ಮೀಟರು ಕಣ್ಣು ಬಿಡಲಿಲ್ಲ. ಮತ್ತೆ ಒತ್ತಿದರೂ ಇಲ್ಲ. ಅಷ್ಟು ಮೊಬೈಲುಗಳ ಮುಂದೆ ಮಾನ ಉಳಿಯಬೇಕಲ್ಲ, ಏನೋ ಓದಿಕೊಂಡವನ ಹಾಗೆ ತಲೆಯಾಡಿಸಿ ಗಂಭೀರವಾಗಿ ವಾಪಸು ಬಂದೆ. ಗಾಡಿಯ ಮರೆಯಲ್ಲಿ ಹಿಂದಿನ ಮುಚ್ಚಳ ತೆಗೆದು ನೋಡಿದರೆ ಸೆಲ್ಲುಗಳೇ ಇಲ್ಲ. ಎರಡು ಸ್ಪ್ರಿಂಗು ಮಾತ್ರ ಹಲ್ಲು ಕಿರಿಯುತ್ತಿದ್ದವು.

"ಸ್ಟೇಷನ್ ಗಡಿಯಾರ ನಿಂತಿತ್ತರಿ. ನಾಳಿ ದೊಡ್ಡ ಸಾಹೇಬ್ರು ಬರಾವ್ರು ಅದಾರಲ್ಲ, ಜರಾ ಅದಕ್ಕ ಹಾಕೀನಿ," ಎಂದ ಶರಣಪ್ಪ.

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹಳದಿ ಪಟ್ಟಿಯ ಕೆಳಗಿಂದ ನುಸುಳಿ ಒಬ್ಬ ಹಿರಿಯರು ಓಡಿಬಂದರು. ಹೆಸರು ಮಹಾದೇವಪ್ಪ. "ಸಾಹೇಬ್ರ, ಅದು ನಂದರಿ! ಜೀವಾಮೃತ ಅದರಿ! ಬೆಲ್ಲ, ಸೆಗಣಿ, ಗೋಮೂತ್ರ ಕಲಸಿ ಹೊಲಕ್ಕಂತ ಇಟ್ಟೀನಿ. ಮುಚ್ಚಳ ಬಿಗಿ ಆಗ್ಯಾದ!" ಎಂದವರೇ ನಮ್ಮ ಕೂಗಿಗೂ ನಿಲ್ಲದೆ ಹೋಗಿ ಮುಚ್ಚಳ ಸಡಿಲಿಸಿದರು. ಹಿಂದೆಯೇ ಬಂದ ವಾಸನೆಗೆ ಊರಿಗೆ ಊರೇ ಮೂಗು ಮುಚ್ಚಿಕೊಂಡು ನಕ್ಕಿತು.

ನಾಚಿಕೆಯಿಂದ ಕುಗ್ಗಿದ್ದ ಮಹಾದೇವಪ್ಪ ಚಹಾ ಕುಡಿಸದೆ ಬಿಡಲಿಲ್ಲ. ಆ ಸೀಮೆಯಲ್ಲಿ ಬೆಂಕಿ ಆರಿಸದೆ ಬರಬಹುದು, ಚಹಾ ಕುಡಿಯದೆ ಬರಲಾಗದು. ಪಡಸಾಲೆಯಲ್ಲಿ ಕೂತೆವು. ಎದುರಿಗೆ ಬಾಗಿಲು ಮುಚ್ಚಿದ ಕೋಣೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಜಗದೇವಿ ಹಸುಗೂಸಿನೊಂದಿಗೆ ಅಲ್ಲಿದ್ದಳು. ಬಾಣಂತಿಗೆ ಬೆಳ್ಳುಳ್ಳಿ ಸಿಪ್ಪೆ, ಅಜವಾನದ ಹೊಗೆ ಹಾಕುತ್ತಾರಲ್ಲ, ಅದರ ವಾಸನೆ ಮನೆಯಲ್ಲೆಲ್ಲ ತುಂಬಿತ್ತು. ನಾನು ಮೀಟರನ್ನು ಆ ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಕಪ್ಪಿನಿಂದ ಬಸಿಗೆ ಚಹಾ ಬಗ್ಗಿಸಿದೆ.

ಮೀಟರು ಕೂಗಿತು.

ಕೆಂಪು ದೀಪ ಮಿನುಗುತ್ತಿತ್ತು. ಕೀಂ ಕೀಂ ಸದ್ದಿಗೆ ಹೊರಗೆ ಕಟ್ಟಿದ್ದ ಎಮ್ಮೆ ಕೂಡ ತಿರುಗಿ ನೋಡಿತು. ಶರಣಪ್ಪ ತಮಾಷೆಗೆ ಮೊಬೈಲು ಬಾರಿಸುತ್ತಿದ್ದಾನೆ ಎಂದುಕೊಂಡು ಅವನ ಜೇಬು ತಡಕಿದೆ. ಅವನು ಎರಡೂ ಕೈಯಲ್ಲಿ ಚಹಾದ ಬಸಿ ಹಿಡಿದಿದ್ದ. ಮೀಟರನ್ನು ಎತ್ತಿಕೊಂಡು ಹಿಂದಿನ ಮುಚ್ಚಳ ತೆಗೆದೆ. ಸೆಲ್ಲಿಲ್ಲ. ಒಳಗೆ ಬರೀ ಸ್ಪ್ರಿಂಗು, ಕೈಯಲ್ಲಿ ಕೂಗು. ಸುಳ್ಳೇಕೆ ಹೇಳಲಿ, ಹೆದರಿದೆ.

"ಅದರ ಬಾಯಿ ಮುಚ್ಚಸ್ರಿ, ಕೂಸು ಮಲಗೇದ!" ಎಂದು ಅಡುಗೆಮನೆಯಿಂದ ಮಹಾದೇವಪ್ಪನ ಹೆಂಡತಿ ಗುಂಡಮ್ಮ ಗದರಿದರು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ: ಮೀಟರು ಕೂಗಿದರೆ ಮೊದಲು ಜನ ಹೊರಗೆ, ಪ್ರಶ್ನೆ ಆಮೇಲೆ. ಸೆಲ್ಲಿಲ್ಲದೆ ಕೂಗಿದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಆದರೂ ಬಾಯಿಂದ ಅದೇ ಬಂತು. "ಅವ್ವಾ, ಬಾಣಂತಿನ ಈಗಿಂದೀಗ ಹೊರಗ ಕರೀರಿ."

ಗುಂಡಮ್ಮ ಬಾಗಿಲಿಗೆ ಅಡ್ಡ ನಿಂತರು. "ಇನ್ನಾ ತೊಟ್ಟಿಲಿಗೆ ಹಾಕಿಲ್ಲ, ಹಸಿ ಮೈ ಅದ. ಗಾಳಿಗಿ ಹೆಂಗ ಬಿಡ್ಲಿರಿ? ನಿಮ್ಮ ಡಬ್ಬಿ ಮಾತು ಕೇಳಿ ನಮ್ಮ ಹುಡುಗಿಗಿ ಸನ್ನಿ ಹಿಡಿಸ್ಕೋಬೇಕೇನು?"

ಅವರನ್ನು ಸರಿಸಿ ಒಳನುಗ್ಗಬೇಕು ಎನ್ನುವಷ್ಟರಲ್ಲಿ ಬಾಗಿಲು ತಾನೇ ತೆರೆಯಿತು. ಕಿವಿಗೆ ಅರಿವೆ ಕಟ್ಟಿಕೊಂಡ ಜಗದೇವಿ, ಕೂಸನ್ನು ಎದೆಗವಚಿಕೊಂಡು, ಯಾರ ಮುಖವನ್ನೂ ನೋಡದೆ ತೂರಾಡುತ್ತ ಅಂಗಳಕ್ಕೆ ಓಡಿದಳು. ಅವಳು ಹೊಸ್ತಿಲು ದಾಟಿದ ಕೂಡಲೇ ಮೀಟರು ಬಾಯಿ ಮುಚ್ಚಿತು.

ಆಮೇಲಿನ ಕೆಲಸ ಪದ್ಧತಿಯಂತೆಯೇ ನಡೆಯಿತು. ಶರಣಪ್ಪ ಕಿರಾಣಿ ಅಂಗಡಿಗೆ ಓಡಿ ಸೆಲ್ಲು ತಂದ. ನಾನು ಮುಖವಾಡ ಹಾಕಿಕೊಂಡು ಕೋಣೆಗೆ ಹೋದಾಗ ಮೀಟರು, ಈ ಸಲ ನ್ಯಾಯವಾಗಿ, ಅರಚಿಕೊಂಡಿತು. ಗೋಡೆಯಾಚೆಗೆ ತೊಗರಿ ಚೀಲಗಳ ಕೋಣೆ. ಹುಳ ಬೀಳದಿರಲೆಂದು ಮಹಾದೇವಪ್ಪ ಚೀಲಗಳ ನಡುವೆ ವಿಷದ ಗುಳಿಗೆಗಳನ್ನಿಟ್ಟು, ಬಾಗಿಲ ಸಂದಿಗೆಲ್ಲ ಸೆಗಣಿ ಮೆತ್ತಿ ಭದ್ರಮಾಡಿದ್ದರು. ನಡುಗೋಡೆಯ ಹಳೇ ದೀಪದ ಗೂಡು ಆ ಕಡೆಗೂ ಬಾಯಿ ಬಿಟ್ಟಿದ್ದನ್ನು ಮಾತ್ರ ಮರೆತಿದ್ದರು. ಆ ಗುಳಿಗೆಯ ಗಾಳಿಗೆ ಬೆಳ್ಳುಳ್ಳಿಯ ವಾಸನೆ ಇರುತ್ತದೆ. "ಬಾಣಂತಿ ಇದ್ದ ಮನ್ಯಾಗ ಬಳ್ಳೊಳ್ಳಿ ವಾಸನಿ ಬಂದ್ರ ಯಾರಿಗಿ ಸಂಶೆ ಬರ್ತದರಿ?" ಎನ್ನುತ್ತ ಅವರು ತಲೆ ಮೇಲೆ ಕೈಹೊತ್ತು ಕೂತುಬಿಟ್ಟರು. ನನ್ನ ಮೂಗಿಗೂ ಸಂಶಯ ಬಂದಿರಲಿಲ್ಲ.

ಆಂಬುಲೆನ್ಸ್ ಬರುವವರೆಗೆ ಗುಂಡಮ್ಮ ಮಗಳನ್ನು ಬಯಲಿನಲ್ಲಿ ಕೂರಿಸಲು ಒಪ್ಪಲಿಲ್ಲ. ನನಗೋ ಅವಳಿಗೆ ಒಳ್ಳೆಯ ಗಾಳಿ ಬೇಕಿತ್ತು. ಕೊನೆಗೆ ನಮ್ಮ ಕೆಂಪು ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಗುಂಡಮ್ಮ ಕಿಟಕಿಯ ಗಾಜು ಏರಿಸುವರು, ಶರಣಪ್ಪ ಇಳಿಸುವನು. ಈ ಜಗಳದ ನಡುವೆ ಒಳ್ಳೆಯ ಗಾಳಿ ಮೂಗಿಗೆ ಹೋಗಿ ಕೂಸು ಸೀನಿ, ಕಿಟಾರನೆ ಅತ್ತಿತು. ಅಷ್ಟು ಇಂಪಾದ ಸದ್ದನ್ನು ನಾನು ಈ ನೌಕರಿಯಲ್ಲಿ ಕೇಳಿಲ್ಲ. ತಾಯಿ ಮಗು ಇಬ್ಬರೂ ಆಸ್ಪತ್ರೆಯಿಂದ ನೆಟ್ಟಗೆ ಮನೆಗೆ ಬಂದರು.

ಮೀಟರನ್ನು ರಿಪೇರಿಯವನು ಬಿಚ್ಚಿ ನೋಡಿದ. ಸೆಲ್ಲು ತೆಗೆದ ಮೇಲೂ ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ವಿದ್ಯುತ್ತು ಉಳಿದೀತು, ಇಡೀ ಹಗಲು ಉಳಿಯದು ಎಂದ. ನಾನೂ ಸೆಲ್ಲು ತೆಗೆದು, ಬೆಳ್ಳುಳ್ಳಿ ಜಜ್ಜಿ, ಊದುಬತ್ತಿ ಹಚ್ಚಿ ಬೇಡಿಕೊಂಡೆ, ಮಿಸುಕಲಿಲ್ಲ. ಗುಂಡಮ್ಮ ಗಾಣಗಾಪುರದ ದತ್ತನಿಗೆ ಕಾಯಿ ಒಡೆಸಿ ಬಂದರು. ತಾನು ಸೆಲ್ಲು ತೆಗೆದದ್ದರಿಂದಲೇ ಈ ಪವಾಡ ನಡೆಯಿತೆಂದು ಶರಣಪ್ಪ ಹೇಳಿಕೊಂಡು ತಿರುಗಿದ.

ಯಂತ್ರದ ವಿಷಯಕ್ಕಾದರೆ ಏನೋ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆನೇನೋ. ಆದರೆ ತೊಟ್ಟಿಲ ಊಟಕ್ಕೆ ಕರೆದಿದ್ದಾಗ ಜಗದೇವಿಯನ್ನು ಕೇಳಿಬಿಟ್ಟೆ: "ಮೀಟರ್ ಕೂಗಿದ್ದು ಕೇಳಿ ಹೊರಗ ಬಂದಿ ಏನವ್ವ?"

"ಇಲ್ರಿ ಅಣ್ಣಾರ, ಮೀಟರ್ ಗೀಟರ್ ನಂಗೇನೂ ಕೇಳಿಲ್ಲ," ಎಂದಳು ಅವಳು. "ಹೊರಗ ನನ್ನ ಕೂಸು ಅಳಾಕತ್ತಿತ್ತು. ಮುಂಜಾನಿಂದ ಅತ್ತಿರಲೇ ಇಲ್ಲ ನೋಡ್ರಿ. ಯಾರು ಒಯ್ದಾರಂತ ಗಾಬರಿಯಾಗಿ ಎದ್ದೆ. ಕೈಯಾಡಿಸಿದ್ರ ಬಾಜೂಕ ಸುಮ್ನ ಮಲಗಿತ್ತು. ಹೊರಗ ಇನ್ನಾ ಅಳಾಕತ್ತೇ ಇತ್ತು."