ಹೊಸ್ತಿಲು ದಾಟದ ಶೆಗಡಿ

ಸವದತ್ತಿಯ ದೇವಕ್ಕನಿಗೆ ಓಣಿಯೊಳಗೆ ಎರಡು ಹೆಸರು. ಎದುರಿಗೆ ದೇವಕ್ಕ, ಬೆನ್ನ ಹಿಂದೆ ಶೆಗಡಿ ದೇವಕ್ಕ. ಎರಡೂ ಅವಳಿಗೆ ಗೊತ್ತಿತ್ತು. ಸಿಟ್ಟಾಗುತ್ತಿರಲಿಲ್ಲ, ಯಾಕೆಂದರೆ ಹಾಗೆ ಕರೆದವರೇ ಸಂಜೆಯಾದರೆ ಮೂಗು ಅರಳಿಸಿಕೊಂಡು ಅವಳ ಅಂಗಳಕ್ಕೆ ಬಂದು ಕೂತಿರುತ್ತಿದ್ದರು.

ಮನೆಗೆ ಗ್ಯಾಸು ಬಂದಿತ್ತು. ಕಾಳಿನ ಅಂಗಡಿ ಇಟ್ಟಿದ್ದ ಗಂಡ ನಿಜಗುಣಪ್ಪ ಅವರಿವರ ಕೈಕಾಲು ಹಿಡಿದು ಸಿಲಿಂಡರು ತಂದಿದ್ದ. ದೇವಕ್ಕ ಗ್ಯಾಸಿನ ಮೇಲೆ ಹಾಲು ಕಾಯಿಸಿದಳು, ಚಹಾ ಕುದಿಸಿದಳು, ಅಷ್ಟೇ. ಬಾಯಿಗೆ ರುಚಿ ಬೇಕಾದದ್ದೆಲ್ಲ ಅಂಗಳದ ಕಟ್ಟೆಯ ಮೇಲೆ, ಶೆಗಡಿಯ ಇದ್ದಿಲ ಕೆಂಡದಲ್ಲೇ ಆಗಬೇಕು. ಎಣ್ಣೆ ಸವರಿದ ಬದನೆಕಾಯಿಯನ್ನು ತೊಟ್ಟು ಹಿಡಿದು ಅವಳು ತಿರುವುವುದನ್ನು ನೋಡಬೇಕಿತ್ತು. ಸಿಪ್ಪೆ ಚಿಟಿಚಿಟಿ ಅಂದು, ಬಿರಿದು, ಒಳಗಿನ ನೀರು ಕೆಂಡಕ್ಕೆ ತೊಟ್ಟಿಕ್ಕಿ ಘಮ್ಮೆನ್ನಬೇಕು. ಆಮೇಲೆ ಅದನ್ನು ಸುಲಿದು, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಶೇಂಗಾಪುಡಿ ಉದುರಿಸಿ, ಬಿಸಿರೊಟ್ಟಿಗೆ ಹಚ್ಚಿ ಕೊಟ್ಟರೆ ಜಗಳಗಂಟರೂ ಬಾಯಿ ಮುಚ್ಚುತ್ತಿದ್ದರು. ಚಳಿಗಾಲಕ್ಕೆ ಹಾಲುಗಾಳಿನ ಜೋಳದ ತೆನೆ ಸುಟ್ಟು, ಉಜ್ಜಿ ಉದುರಿಸಿ, ಸೀತನಿ ಹಂಚುತ್ತಿದ್ದಳು.

ಶೆಗಡಿ ಹೊಸದಲ್ಲ. ಬಕೆಟ್ಟಿನಂಥ ಕಬ್ಬಿಣದ ಮೈ, ಒಳಗೆ ಮಣ್ಣು ಮೆತ್ತಿದ ಗೋಡೆ, ನಡುವೆ ಜಾಳಿಗೆ, ಕೆಳಗೆ ಬೂದಿ ಬೀಳುವ ಬಾಯಿ, ಎತ್ತಿಕೊಂಡು ಹೋಗಲು ಮೇಲೊಂದು ಹಿಡಿ. ಹಿಡಿ ಯಾವಾಗಲೋ ಮುರಿದು ಅದಕ್ಕೆ ತಾಮ್ರದ ತೇಪೆ ಹಾಕಿದ್ದರು. ರಾಮದುರ್ಗದ ಸಂತೆಯಲ್ಲಿ ಗುಜರಿ ಭರಮಪ್ಪನ ಹತ್ತಿರ ಕೊಂಡದ್ದು.

"ಎಲ್ಲೀದಪಾ ಇದು?" ಎಂದು ಕೇಳಿದ್ದಕ್ಕೆ ಭರಮಪ್ಪ, "ತೊರಗಲ್ ಕಡೀದರಿ ಅಕ್ಕಾರ. ಒಯ್ರಿ, ನಿಮಗ ತಿಳದಷ್ಟು ಕೊಡ್ರಿ," ಅಂದಿದ್ದ. ಗುಜರಿಯವನು ಚೌಕಾಸಿ ಮಾಡದೆ ಸಾಮಾನು ಕೊಟ್ಟರೆ ಮನುಷ್ಯ ಅಲ್ಲೇ ಎಚ್ಚರಾಗಬೇಕು. ದೇವಕ್ಕ ಮಾತ್ರ ಸಸ್ತಾ ಸಿಕ್ಕಿತೆಂದು ಹಿಗ್ಗಿ, ಸೆರಗಿನಿಂದ ಒರೆಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು.

ಮೊದಲ ಮಳೆ ಬಂದ ದಿನ ಅದರ ಗುಣ ಗೊತ್ತಾಯಿತು. ಕಟ್ಟೆಯ ಮೇಲೆ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಹನಿ ಬಿದ್ದವೆಂದು ದೇವಕ್ಕ ಹಿಡಿ ಹಿಡಿದು ಶೆಗಡಿಯನ್ನು ಒಳಗೆ ತಂದಳು. ಹೊಸ್ತಿಲು ದಾಟಿದ್ದೇ ತಡ, ಕೆಂಡವೆಲ್ಲ ಕಪ್ಪಾಯಿತು. ಚುಂಯ್ ಅನ್ನಲಿಲ್ಲ, ಹೊಗೆ ಏಳಲಿಲ್ಲ. ಯಾರೋ ಅಂಗೈ ಮುಚ್ಚಿದ ಹಾಗೆ ಆರಿಹೋಯಿತು. ಅವಳು ಮೈ ಮುಟ್ಟಿ ನೋಡಿದಳು. ಈಗಷ್ಟೇ ಸುಡುತ್ತಿದ್ದ ಕಬ್ಬಿಣ ನೀರಿನ ಕೊಡದಷ್ಟು ತಣ್ಣಗಿತ್ತು.

ದೇವಕ್ಕ ಅಂಜುವ ಪೈಕಿ ಅಲ್ಲ. ಮರುದಿನ ಮತ್ತೆ ಹೊತ್ತಿಸಿ ಒಳಗೆ ತಂದಳು, ಆರಿತು. ಹೊಸ ಇದ್ದಿಲು ತಂದಳು, ಆರಿತು. ಹಿತ್ತಲ ಬಾಗಿಲಿನಿಂದ ತಂದರೂ ಅದೇ ಕತೆ. ನಿಜಗುಣಪ್ಪ ಮೀಸೆಯಲ್ಲೇ ನಕ್ಕ. "ಅದರದೇನ ತಪ್ಪು? ನಿನ್ನ ಕೂಡ ಒಂದ ಸೂರಿನ ಕೆಳಗ ಬಾಳೇವು ಮಾಡೂದು ನನಗಷ್ಟ ಗೊತ್ತು."

"ಅದು ಹೊರಗ ಇರಲಿ. ನೀವೂ ಅದರ ಬಾಜೂಕ ಮಲಗ್ರಿ," ಅಂದಳು ದೇವಕ್ಕ. ಅಲ್ಲಿಗೆ ಆ ಮಾತು ಮುಗಿಯಿತು. ಶೆಗಡಿ ಹೊರಗೇ ಉಳಿಯಿತು.

ಹೀಗಿರುವಾಗ ಮಗಳು ಅನ್ನಪೂರ್ಣಾ ಹೆರಿಗೆಗೆ ಬಂದಳು. ಬೈಲಹೊಂಗಲಕ್ಕೆ ಕೊಟ್ಟ ಹುಡುಗಿ. ಮೊದಲಿನ ಬಸಿರು ನಿಂತಿರಲಿಲ್ಲ. ಈ ಸಲ ಹೆಣ್ಣುಕೂಸು ಹುಟ್ಟಿತು, ಕೈಕಾಲು ಆಡಿಸಿತು, ಓಣಿಗೆಲ್ಲ ಕೇಳುವ ಹಾಗೆ ಅತ್ತಿತು. ಇದೊಂದನ್ನು ಉಳಿಸಿಕೊಡು ಎಂದು ದೇವಕ್ಕ ಕಂಡ ದೇವರಿಗೆಲ್ಲ ಕೈ ಮುಗಿದಳು.

ಚಳಿಗಾಲ. ಬಾಣಂತಿ ಕೋಣೆಯ ಕಿಟಕಿಗೆ ಹಳೆಯ ಸೀರೆ ತುರುಕಿದರು, ಬಾಗಿಲಿನ ಸಂದಿಗೆ ಗೋಣಿಚೀಲ ಒತ್ತಿದರು. ಬಾಣಂತಿಗೆ ಥಂಡಿ ಹತ್ತಿದರೆ ಸೊಂಟ ಜನ್ಮವೆಲ್ಲ ಕಾಡುತ್ತದೆ ಎಂಬುದು ಅಲ್ಲಿಯ ಎಲ್ಲ ತಾಯಂದಿರ ಮಾತು. ಮಾಳಿಗೆಯಲ್ಲಿದ್ದ ಬೆಳಕಿಂಡಿಯೊಂದು ಮಾತ್ರ ತೆರೆದಿತ್ತು. ತಾಯಿ ಮಗುವಿಗೆ ನೀರು ಹಾಕಲು, ಈಚೆಗೆ ಊರಿಗೆ ಬಂದು ನೆಲೆಸಿದ್ದ ಮುದುಕಿ ಬಾಯವ್ವ ಬಂದಳು. ತೊರಗಲ್ಲಿನಿಂದ ಸಾಲಹಳ್ಳಿಯವರೆಗೆ ಅವಳ ಕೈಯಲ್ಲಿ ಮಿಂದ ಕೂಸುಗಳಿಗೆ ಈಗ ಮೊಮ್ಮಕ್ಕಳಾಗಿವೆ.

ನೀರು ಹಾಕಿ, ಬಾಣಂತಿಯನ್ನು ಹಗ್ಗ ಹೆಣೆದ ಹೊರಸಿನ ಮೇಲೆ ಮಲಗಿಸಿ, ಬಾಯವ್ವ ಕೂಗಿದಳು. "ಕೆಂಡ ತಗೊಂಬಾ ದೇವವ್ವಾ. ಹೊರಸಿನ ಬುಡಕ ಇಡೂಣು, ಮೈ ಕಾಯಲಿ."

ದೇವಕ್ಕನಿಗೆ ಗೊತ್ತಿದ್ದದ್ದೇ. ಆದರೂ ಮಗಳ ಸಲುವಾಗಿ ಇದೊಂದು ಸಲ ಅದು ಮಾತು ಕೇಳೀತೆಂದು ಶೆಗಡಿ ಎತ್ತಿಕೊಂಡು ಬಂದಳು. ಹೊಸ್ತಿಲ ಮೇಲೆ ಕೆಂಡ ಆರಿತು. ದೇವಕ್ಕ ಅದಕ್ಕೆ ಬಾಯಿಗೆ ಬಂದಂತೆ ಬೈದಳು. ಬಾಯವ್ವ ಬಾಗಿ ನೋಡಿದಳು, ತಾಮ್ರದ ತೇಪೆಯ ಮೇಲೆ ಬೆರಳಾಡಿಸಿದಳು, ಗುರುತು ಹಿಡಿದಳು.

"ಇದನ್ನ ಯಾಕ ತಂದಿ ಮನೀಗೆ? ಇದು ತೊರಗಲ್ಲದ ಕ್ವಾಟಿ ಕೆಳಗಿನ ಮನೀದು," ಅಂದಳು ಬಾಯವ್ವ. "ಆ ಮನಿ ಬಾಣಂತಿಗೆ ನಾನ ನೀರ ಹಾಕತಿದ್ದೆ. ಹಿಂಗ ಥಂಡಿ ದಿನ. ತಾಯಿ ಕೂಸಿನ ಮಲಗಿಸಿ, ಹೊರಸಿನ ಬುಡಕ ಇದನ್ನ ಇಟ್ಟು, ಬಾಗಲಾ ಹಾಕ್ಕೊಂಡ ಬಂದೆ. ಹೊತ್ತ ಮುಳಗಾಕ ಬಾಗಲಾ ತಗದ್ರ ಇಬ್ಬರೂ ಹೋಗಿದ್ರು. ಮೈಮ್ಯಾಲ ಒಂದ ಗಾಯ ಇಲ್ಲ. ಮಾರಿ ಕೆಂಪಗ, ನಿದ್ದಿ ಹತ್ತಿದವರಂಗ ಇದ್ರು. ಕೆಂಡ ಮಾತ್ರ ನಿಗಿನಿಗಿ ಅನ್ನಾಕತ್ತಿತ್ತು."

"ಏನಾಗಿತ್ತ ಬಾಯವ್ವಾ?"

"ಪೀಡಾ ಹೊಕ್ಕಿತ್ತು ಅಂದ್ರು. ಶೆಗಡಿ ಕೂಡ ಬಂದಿತ್ತು ಅಂದ್ರು. ಒಗದ ಬಿಟ್ರು."

ದೇವಕ್ಕ ಶೆಗಡಿಯಿಂದ ಕೈ ಕಿತ್ತುಕೊಂಡಳು. ತಾನೇ ಕೈಯಾರೆ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಳಲ್ಲ. ಶೆಗಡಿಯನ್ನು ಅಂಗಳದ ಮೂಲೆಗೆ ಒಯ್ದಿಟ್ಟಳು. ನೆರೆಮನೆಯ ಕರೆವ್ವನ ಶೆಗಡಿ ಕೇಳಿ ತಂದಳು. ಅದು ಸುಮ್ಮನೆ ಹೊಸ್ತಿಲು ದಾಟಿತು, ಹೊರಸಿನ ಕೆಳಗೆ ಚೆಂದಾಗಿ ಉರಿಯಿತು. ಆದರೂ ದೇವಕ್ಕನ ಜೀವ ತಡೆಯಲಿಲ್ಲ. ಪೀಡೆ ಇಷ್ಟು ದಿನ ಅಂಗಳದಲ್ಲೇ ಕೂತಿದ್ದರೆ, ಬಾಗಿಲು ಹಾಕಿದ ಮೇಲೆ ಬೆಳಕಿಂಡಿಯಿಂದ ಇಳಿದರೆ ಏನು ಗತಿ? ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಹಿಟ್ಟು ನಾದುವ ಪರಾತ ಬೋರಲು ಹಾಕಿ, ಅದರ ಮೇಲೊಂದು ಕಲ್ಲು ಹೇರಿ ಬಂದಳು. ಕೋಣೆಗೆ ಇದ್ದ ಕೊನೆಯ ತೂತೂ ಮುಚ್ಚಿತು. ಈಗ ಯಾರೂ ಒಳಗೆ ಹೋಗಲಾರರು ಎಂದು ಸಮಾಧಾನಪಟ್ಟಳು.

ಬಾಯವ್ವ ಮನೆಗೆ ಹೋದಳು. ಮಗಳು ಕೂಸು ಮಲಗಿದರು. ಊಟದ ಹೊತ್ತಿಗೆ ಗಂಡ ಬರುತ್ತಾನೆ, ಬದನೆಕಾಯಿ ಸುಡಬೇಕು. ದೇವಕ್ಕ ಮೂಲೆಯಲ್ಲಿದ್ದ ಶೆಗಡಿಯನ್ನು ನೋಡಿದಳು. ಇಷ್ಟು ದಿನ ಅದರ ಅನ್ನ ಉಂಡಿದ್ದಾಳೆ. ನಾಳೆ ಹೊಳೆಗೆ ಹಾಕಿದರಾಯಿತು, ಇವತ್ತೊಂದು ದಿನ ಕೊನೆಯದೆಂದು ಹೊತ್ತಿಸಿದಳು. ಕೆಂಡ ಎಂದಿನ ಹಾಗೆ ಕೆಂಪಗೆ ಅರಳಿತು. ಬದನೆಕಾಯಿ ಇಟ್ಟಳು, ಒಂದು ಮಗ್ಗುಲು ಬೆಂದಿತು. ತಿರುವಲು ಕೈ ಚಾಚಿದಳು.

ಕೆಂಡ ಆರಿತು.

ಮೋಡವಿಲ್ಲ, ಹನಿಯಿಲ್ಲ, ಮಧ್ಯಾಹ್ನದ ಬಿಸಿಲು. ಅಂಗಳದಲ್ಲಿ ಅದು ಯಾವತ್ತೂ ಆರಿದ್ದಿಲ್ಲ. ಕೈಗೆ ತಾಗಿದ ಬದನೆಕಾಯಿ ತಣ್ಣಗಾಗಿತ್ತು. ಓಣಿಯ ಸದ್ದು ನಿಂತಂತಾಯಿತು. ಬಾಗಿಲು ಹಾಕಿದ ಕೋಣೆಯಿಂದಲೂ ಸದ್ದಿಲ್ಲ. ಆಗ ಅವಳಿಗೆ ನೆನಪಾಯಿತು, ಕೂಸು ಹಾಲಿಗೆ ಅಳುವ ಹೊತ್ತು ಮೀರಿ ಹೋಗಿತ್ತು.

ದೇವಕ್ಕ ಓಡಿದಳು. ಗೋಣಿಚೀಲಕ್ಕೆ ಬಾಗಿಲು ಕಚ್ಚಿಕೊಂಡಿತ್ತು. ಭುಜ ಕೊಟ್ಟು ನೂಕಿದಳು, ಒದ್ದಳು. ಒಳಗೆ ಹೊಗೆಯಿಲ್ಲ, ವಾಸನೆಯಿಲ್ಲ. ಕರೆವ್ವನ ಶೆಗಡಿ ಹೊರಸಿನ ಕೆಳಗೆ ನಿಗಿನಿಗಿ ಅನ್ನುತ್ತಿತ್ತು. ಅನ್ನಪೂರ್ಣಾಳ ಮುಖ ಕೆಂಪಗೆ, ನಿದ್ದೆ ಹತ್ತಿದವಳ ಹಾಗಿತ್ತು. ಕರೆದರೆ ಏಳಲಿಲ್ಲ, ಹೊಡೆದರೂ ಏಳಲಿಲ್ಲ. ದೇವಕ್ಕ ಕೂಸನ್ನು ಸೆರಗಿನಲ್ಲಿ ಕಟ್ಟಿ, ಮಗಳ ಎರಡೂ ಕಂಕುಳಿಗೆ ಕೈ ಹಾಕಿ, ದರದರ ಎಳೆದುಕೊಂಡು ಹೊಸ್ತಿಲು ದಾಟಿದಳು. ಅಂಗಳದ ತಣ್ಣನೆ ಗಾಳಿ ಮುಖಕ್ಕೆ ಬಡಿದು ಮೊದಲು ಕೂಸು ಕೆಮ್ಮಿತು, ಆಮೇಲೆ ಅತ್ತಿತು. ಬಹಳ ಹೊತ್ತಿನ ಮೇಲೆ ಅನ್ನಪೂರ್ಣಾ ಕಣ್ಣು ಬಿಟ್ಟು, "ಯವ್ವಾ, ತಲಿ ಸಿಡ್ಯಾಕತ್ತೈತಿ," ಅಂದಳು. ದೇವಕ್ಕ ನೆಲಕ್ಕೆ ಕೂತು ಗೊಳೋ ಎಂದು ಅತ್ತಳು.

ದವಾಖಾನೆಯ ಡಾಕ್ಟರು ಸಿಟ್ಟಿನಿಂದಲೇ ಹೇಳಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಿಷಗಾಳಿ ತುಂಬಿ ಉಸಿರು ಹೋಗುತ್ತದೆ, ಹೊಗೆ ಕಾಣುವುದಿಲ್ಲ, ಮಲಗಿದವರಿಗೆ ತಿಳಿಯುವುದೂ ಇಲ್ಲ. "ಇನ್ನ ಸ್ವಲ್ಪ ತಡಾ ಆಗಿದ್ರ ಇಬ್ಬರೂ ಉಳೀತಿರಲಿಲ್ಲ. ಹೆಂಗ ಗೊತ್ತಾತು ನಿಮಗ?" ಎಂದು ಕೇಳಿದರು. ದೇವಕ್ಕನಿಗೆ ಬಾಯವ್ವನ ಮಾತು ನೆನಪಾಯಿತು. ತೊರಗಲ್ಲಿನ ಆ ಹುಡುಗಿಯನ್ನು ಯಾವ ಪೀಡೆಯೂ ಮುಟ್ಟಿರಲಿಲ್ಲ. ಅವಳನ್ನು ಪ್ರೀತಿಯಿಂದಲೇ ಬಾಗಿಲು ಹಾಕಿ ಕೊಂದಿದ್ದರು.

ತಾಯಿ ಮಗು ಮನೆಗೆ ಬಂದ ಮೇಲೆ ದೇವಕ್ಕ ಅವರಿಬ್ಬರನ್ನು ಬಿಸಿಲಿಗೆ ಕಟ್ಟೆಯ ಮೇಲೆ ಕೂರಿಸಿದಳು. ಬೆಳಕಿಂಡಿಯ ಪರಾತ ತೆಗೆದಳು, ಕಿಟಕಿಯ ಸೀರೆ ಕಿತ್ತಳು, ಗೋಣಿಚೀಲ ಬೀದಿಗೆ ಎಸೆದಳು. ಹೊಳೆಗೆ ಹಾಕಬೇಕೆಂದಿದ್ದ ಹಳೆಯ ಶೆಗಡಿಯನ್ನೇ ಹೊತ್ತಿಸಿದಳು. ನಿಜಗುಣಪ್ಪ ಈ ಸಲ ಚಾಷ್ಟಿ ಮಾಡಿ ನಗಲಿಲ್ಲ, ದಾರಿ ಬಿಟ್ಟು ಸರಿದು ನಿಂತ.

ಕೆಂಡ ಅರಳಿದ ಮೇಲೆ ಅವಳು ಹಿಡಿ ಹಿಡಿದು ಎತ್ತಿ, ಹೊಸ್ತಿಲ ಹತ್ತಿರ ನಿಂತು, ತೊರಗಲ್ಲಿನ ಆ ಹುಡುಗಿಗೆ ಹೇಳುವ ಹಾಗೆ ಮೆಲ್ಲಗೆ ಅಂದಳು. "ಬಾಗಲಾ ತಗದೇನಿ. ಕಿಡಕಿ ತಗದೇನಿ. ಕೂಸಿನ ಕರಕೊಂಡು ಒಳಗ ಬಾ ನನ್ನವ್ವಾ. ಎಷ್ಟ ದಿನ ಥಂಡ್ಯಾಗ ಕುಂದರತಿ?"

ಹೊಸ್ತಿಲು ದಾಟಿದಳು. ಕೆಂಡ ಆರಲಿಲ್ಲ. ಹೊರಸಿನ ಕೆಳಗೆ ಶೆಗಡಿ ಇಟ್ಟು ಹಿಂದೆ ಸರಿದಳು. ಖಾಲಿ ಹೊರಸಿನ ಹಗ್ಗ ಕಿರ್ ಎಂದು ತುಸು ಕೆಳಗೆ ಜಗ್ಗಿತು, ಮಡಿಲಲ್ಲಿ ಮಗುವಿಟ್ಟುಕೊಂಡು ಯಾರೋ ಕೂತ ಹಾಗೆ. ದೇವಕ್ಕ ಓಡಲಿಲ್ಲ. ಕೆಂಡದ ಮೇಲೆ ಒಂದು ಚಿಟಿಕೆ ಅಜವಾನ ಉದುರಿಸಿ, ಹೆತ್ತ ಮಗಳಿಗೆ ಮಾಡುವ ಹಾಗೆ ಹೊರಸಿನ ಮೇಲೆ ಕೌದಿ ಹೊದಿಸಿದಳು.

ಅವಳು ಬದುಕಿರುವವರೆಗೆ ಆ ಕೋಣೆಯ ಬಾಗಿಲನ್ನು ಯಾರಿಗೂ ಹಾಕಗೊಡಲಿಲ್ಲ.