ನೀರಿನ ಒಟ್ಟಿಗೆ ಹೋದ ಅಮ್ಮ

ಕಳೆದ ವರ್ಷ ಮೇ ತಿಂಗಳು, ಮಗಳ ಶಾಲೆಗೆ ಹಾಫ್ ಟರ್ಮ್ ರಜೆ. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ನರ್ಸ್ ಆಗಿರುವ ನನಗೆ ಡ್ಯೂಟಿ ರೋಟಾದಲ್ಲಿ ಹೇಗೋ ನಾಲ್ಕು ದಿನ ಬಿಡುವು ಸಿಕ್ಕಿತು. ಮಗಳನ್ನೂ ಮೂಲ್ಕಿಯಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಜರ್ಮನಿಯ ಹೈಡೆಲ್‌ಬರ್ಗಿಗೆ ಹೊರಟೆ. ಅಮ್ಮ ಬಂದು ಎರಡು ತಿಂಗಳಾಗಿದ್ದರೂ ಒಬ್ಬರೇ ಗೇಟು ದಾಟಿದವರಲ್ಲ. "ಎಲ್ಲ ಮನೆಯೂ ಒಂದೇ ನಮೂನೆ, ಸೂರ್ಯನೂ ಕಾಣುವುದಿಲ್ಲ" ಎನ್ನುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ ಎನ್ನಿ.

ಊರು ನೋಡಿದ್ದೇ ನಾನು ಕುಣಿದಾಡಿಬಿಟ್ಟೆ. ಹಸಿರು ಗುಡ್ಡಗಳ ನಡುವಿನಿಂದ ಹೊರಬರುವ ನೆಕ್ಕರ್ ನದಿ, ಕಮಾನುಗಳ ಹಳೆಯ ಸೇತುವೆ, ಊರಿನ ನೆತ್ತಿಯ ಮೇಲೆ ಕೆಂಪು ಕಲ್ಲಿನ ಮುರುಕು ಕೋಟೆ. ಹೋಟೆಲಿನಿಂದ ಹೊಳೆಬದಿಯಲ್ಲೇ ಅರ್ಧ ಗಂಟೆ ನಡೆದು ಸೇತುವೆ ತಲುಪಿದೆವು. ಅಮ್ಮನಿಗೆ ಗುಡ್ಡ ಹತ್ತುವುದು ಬೇಡವಾಗಿತ್ತು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೇನೆ" ಎಂದು ಬೆಂಚಿನಲ್ಲಿ ಕೂತರು.

ಒಂದು ಗಂಟೆಯಲ್ಲಿ ಬರುತ್ತೇವೆಂದು ಹೋದವರು ಕೋಟೆಯ ಮೇಲಿಂದ ಊರು ನೋಡುತ್ತ ಮೈಮರೆತೆವು. ಇಳಿಯುವಾಗ ಎರಡೂವರೆ ಗಂಟೆ ಕಳೆದಿತ್ತು. ಬೆಂಚು ಖಾಲಿ.

ಅಮ್ಮನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ಇಳಿದು ತಲೆ ತಿರುಗುತ್ತದೆ. ಮಾತ್ರೆ, ತಿಂಡಿ ಎರಡೂ ನನ್ನ ಬ್ಯಾಗಿನಲ್ಲಿ. ಅವರ ಬಳಿ ಫೋನಿಲ್ಲ, ಹೋಟೆಲಿನ ಹೆಸರೂ ಗೊತ್ತಿಲ್ಲ.

"ಮಮ್, ಕಾಲ್ ದ ಹೋಟೆಲ್" ಎಂದಳು ಮಗಳು.

"ಅಜ್ಜಿಗೆ ದಾರಿ ಎಲ್ಲಿ ಗೊತ್ತುಂಟು? ಸುಮ್ಮನಿರು" ಎಂದು ಗದರಿದೆ. ಚರ್ಚಿನ ಚೌಕ, ಗಲ್ಲಿಗಳನ್ನೆಲ್ಲ ಹುಡುಕಿ ಸೋತ ಮೇಲೆ ಫೋನ್ ಮಾಡಿದೆ. ಸೀರೆ ಉಟ್ಟವರೊಬ್ಬರು ಇಲ್ಲಿ ಕೂತಿದ್ದಾರೆ ಎಂದಳು ಹೋಟೆಲಿನವಳು.

ಓಡಿಹೋದೆವು. ಅಮ್ಮ ಸೋಫಾದಲ್ಲಿ ಕೂತು, ಆಕೆ ಕೊಟ್ಟ ಕಿತ್ತಳೆ ಜ್ಯೂಸ್ ಕುಡಿಯುತ್ತಿದ್ದರು.

"ಎಷ್ಟು ಹೊತ್ತು ಕಾಯುವುದು ಮಾರಾಯ್ತಿ? ತಲೆ ತಿರುಗಿದ ಹಾಗೆ ಆಯ್ತು, ಬಂದುಬಿಟ್ಟೆ."

"ದಾರಿ ಹೇಗೆ ಗೊತ್ತಾಯ್ತು?"

"ಎಂತ ಗೊತ್ತಾಗ್ಲಿಕ್ಕೆ ಉಂಟು? ನಮ್ಮ ಊರಿನ ಹಾಗೆಯೇ ಅಲ್ವಾ. ಗುಡ್ಡೆ ಮೂಡಕ್ಕೆ, ಹೊಳೆ ಹರಿಯುವುದು ಪಡುವಕ್ಕೆ. ಬೆಳಿಗ್ಗೆ ನೀರಿಗೆ ಎದುರಾಗಿ ಹೋದದ್ದು, ಈಗ ನೀರಿನ ಒಟ್ಟಿಗೆ ಬಂದೆ."

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ.

ಮ್ಯಾಂಚೆಸ್ಟರಿಗೆ ಮರಳಿದ ಕೂಡಲೇ ಅಮ್ಮ ಕೇಳಿದರು: "ಇಲ್ಲಿಯ ಹೊಳೆ ಯಾವ ಕಡೆಗೆ ಹರಿಯುವುದು?" ಹನ್ನೊಂದು ವರ್ಷ ಮರ್ಸಿ ನದಿಯ ಪಕ್ಕದಲ್ಲೇ ಇದ್ದರೂ ನನಗೆ ಗೊತ್ತಿರಲಿಲ್ಲ. ಕರೆದುಕೊಂಡು ಹೋದೆ. ಅಮ್ಮ ಸೇತುವೆಯಿಂದ ಒಂದು ಎಲೆ ಹಾಕಿ ನೋಡಿದರು. ಅದು ಪಡುವಕ್ಕೇ ತೇಲಿಹೋಯಿತು.

ಮರುದಿನ ಡ್ಯೂಟಿ ಮುಗಿಸಿ ಬಂದಾಗ ಮನೆಗೆ ಬೀಗ. ನಾನು ಹೆದರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಮ್ಮ ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಹೊಳೆಯ ಕಡೆಯಿಂದ ಒಬ್ಬರೇ ನಡೆದು ಬಂದರು. ಎರಡು ತಿಂಗಳು ಅವರನ್ನು ಒಳಗೆ ಕೂರಿಸಿದ್ದಕ್ಕೆ ಮಾತ್ರ ಈಗಲೂ ನನಗೆ ನಾಚಿಕೆಯಾಗುತ್ತದೆ.