ಕೆಂಪು ರಿಬ್ಬನ್ನು ಬಿಟ್ಟುಕೊಟ್ಟ ಭೀಮಪ್ಪ

ಮೊನ್ನೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಊದಿಸಿಕೊಂಡು ಘೋಡಬಂದರ್ ರಸ್ತೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ತುರ್ತು ವಿಭಾಗದ ಬಾಗಿಲಲ್ಲೇ ಒಬ್ಬಳು ನರ್ಸು ನಾಡಿ ನೋಡಿ, ನೋವಿಲ್ಲದ ಕೈಗೆ ಹಸಿರು ಪಟ್ಟಿ ಸುತ್ತಿ, "ಆಜಿ, ಥೋಡಾ ಬೈಠೋ" ಎಂದಳು, ಅಜ್ಜಿ ಸ್ವಲ್ಪ ಕೂತಿರಿ ಅಂತ. ಕೂತೆ. ನನ್ನ ನಂತರ ಬಂದವರೆಲ್ಲ ಒಳಗೆ ಹೋಗತೊಡಗಿದರು. ಮೈಯೆಲ್ಲ ಉರಿಯಿತು ನೋಡಿ. ಒಂದು ಕಾಲಕ್ಕೆ ಇಂಥದೇ ಪಟ್ಟಿ ಮಂದಿಗೆಲ್ಲ ಕಟ್ಟಿ, ಎಲ್ಲರ ಬೈಗುಳ ತಿಂದವಳು ನಾನು. ನನಗೇ ಕಾದಿರು ಅನ್ನುವುದೇ?

ತೊಂಬತ್ತರ ದಶಕದ ಮಾತು. ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ನರ್ಸಾಗಿದ್ದೆ. ಅಲ್ಲಿ ಮೊದಲು ಬಂದವರಿಗೆ ಮೊದಲ ಸರದಿ. ಇಲ್ಲವೇ ಗಂಟಲು ದೊಡ್ಡದಿದ್ದವರಿಗೆ. ನಮ್ಮ ಮುಖ್ಯ ನರ್ಸು ಸುಮತಿ ಸಿಸ್ಟರ್ ಉಡುಪಿ ಕಡೆಯವರು. ಎಲ್ಲೋ ತರಬೇತಿಗೆ ಹೋಗಿ ಬಂದವರೇ ಹೊಸ ಪದ್ಧತಿ ಹೂಡಿದರು. ಡಾಕ್ಟರಿಗಿಂತ ಮೊದಲು ನರ್ಸೇ ರೋಗಿಯನ್ನು ನೋಡಬೇಕು. ಒಂದು ಗಳಿಗೆಯೂ ತಡೆಯಲಾರದವರಿಗೆ ಕೆಂಪು, ಸ್ವಲ್ಪ ತಡೆಯುವವರಿಗೆ ಹಳದಿ, ಆರಾಮಾಗಿ ಕಾಯಬಲ್ಲವರಿಗೆ ಹಸಿರು. ಕಟ್ಟುವುದಕ್ಕೆ ಬೇರೇನೂ ಸಿಗದೆ ಜಡೆಯ ರಿಬ್ಬನ್ನನ್ನೇ ಕತ್ತರಿಸಿದೆವು. "ಚಂದ ಎಂತಕ್ಕೆ ಮಾರಾಯ್ತಿ, ಕಣ್ಣಿಗೆ ಕಂಡ್ರೆ ಸಾಕು" ಎಂದರು ಸಿಸ್ಟರ್.

ಲೋಕಲ್ ಟ್ರೇನಿನ ಬಾಗಿಲಿಗೆ ಜೋತುಬಿದ್ದು ಬಾಳುವ ಜನ, ಹಸಿರಿಗೆ ಒಪ್ಪುತ್ತಾರೆಯೇ? ಹೊಟ್ಟೆ ಉಬ್ಬರಿಸಿದ ಬಟ್ಟೆ ವ್ಯಾಪಾರಿಯೊಬ್ಬರು ಕೆಂಪಿಗಾಗಿ ಚೌಕಾಶಿಗೇ ಇಳಿದರು. ಕೊನೆಗೆ ಹಳದಿಯಾದರೂ ಕೊಡಿ ಎಂದರು. ಇನ್ನೊಬ್ಬಾಕೆ ಹಸಿರು ತನ್ನ ಸೀರೆಗೆ ಒಪ್ಪುತ್ತದೆಂದು ಹಿಗ್ಗಿ, ಮಗಳಿಗೂ ಒಂದು ಕೇಳಿದಳು. ಮಗಳಿಗೆ ಕಾಯಿಲೆಯೇ ಇರಲಿಲ್ಲ. ಡಾಕ್ಟರುಗಳಂತೂ ಇದನ್ನು ಸಿಸ್ಟರ ರಿಬ್ಬನ್ ಅಂಗಡಿ ಎಂದು ಆಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಭೀಮಪ್ಪ ಬಂದರು. ಕಲಬುರಗಿ ಕಡೆಯವರು, ಮಾರ್ಕೆಟ್ಟಿನಲ್ಲಿ ಹಮಾಲಿ ಕೆಲಸ. "ಏನಿಲ್ರಿ ಅಕ್ಕಾರ, ರಟ್ಟಿ ಹಿಡದದ. ಚೀಲ ಎತ್ತಿದ್ದಕ್ಕ ಇರಬೇಕು" ಎಂದರು. ಅಂಗಿ ಬೆವರಿಗೆ ತೊಪ್ಪೆಯಾಗಿತ್ತು, ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಇದು ರಟ್ಟೆಯದಲ್ಲ, ಎದೆಯದು ಅನ್ನಿಸಿತು. ಕೆಂಪು ಕಟ್ಟಿ ಕೂರಿಸಿದೆ. ಕೆಂಪು ರಿಬ್ಬನ್ನಿನವರನ್ನು ತಾ ಎಂದು ಸ್ಟ್ರೆಚರ್ ದೂಡುವವನಿಗೆ ಹೇಳಿ, ಇಸಿಜಿ ಯಂತ್ರ ಸಜ್ಜು ಮಾಡಲು ಒಳಗೋಡಿದೆ.

ಸ್ಟ್ರೆಚರಿನ ಮೇಲೆ ಬಂದದ್ದು ಕಾಲು ಉಳುಕಿಸಿಕೊಂಡ ಒಬ್ಬ ಮರಾಠಿ ಆಜಿ. ಕೈಯಲ್ಲಿ ಕೆಂಪು ರಿಬ್ಬನ್ನು. "ತ್ಯಾ ಭಾವುನೇ ದಿಲಾ" ಎಂದಳು. ಆ ತಮ್ಮ ಕೊಟ್ಟನಂತೆ.

ಯಂತ್ರ ಅಲ್ಲೇ ಬಿಟ್ಟು ಓಡಿದೆ. ಹೊರಗೆ ಬಂದರೆ ಭೀಮಪ್ಪ ಕುರ್ಚಿಯನ್ನೂ ಯಾರಿಗೋ ಬಿಟ್ಟುಕೊಟ್ಟು, ಗೋಡೆಗೆ ಆತು ನಿಂತಿದ್ದಾರೆ. ಕಣ್ಣು ಮುಚ್ಚಿ ಬರುತ್ತಿದೆ. ಸಿಸ್ಟರೂ ನಾನೂ ಎರಡು ಕಡೆ ಹಿಡಿದು ಒಳಗೆ ತಂದು ಮಲಗಿಸಿದೆವು. ಇಸಿಜಿ ತೆಗೆದದ್ದೇ ಗೊತ್ತಾಯಿತು: ಹೃದಯಾಘಾತ. ಡಾಕ್ಟರು ಓಡಿ ಬರುವಷ್ಟರಲ್ಲಿ ಆಕ್ಸಿಜನ್ ಹಚ್ಚಿ, ನರಕ್ಕೆ ಸೂಜಿ ಚುಚ್ಚಿ, ಎಲ್ಲ ಅಣಿ ಮಾಡಿಟ್ಟಿದ್ದೆವು. ಹೆಪ್ಪು ಕರಗಿಸುವ ಔಷಧ ತಡವಿಲ್ಲದೆ ಮೈಗೆ ಹೋಯಿತು. ಸಂಜೆಗೆ ತುಟಿಗೆ ಬಣ್ಣ ಬಂದಾಗ ನನಗೆ ಕುಣಿಯುವಷ್ಟು ಸಂತೋಷ.

ಅಷ್ಟರಲ್ಲಿ ಅವರ ಹೆಂಡತಿ ಶಾಂತವ್ವ ಕೋಪರಿ ಬಡಾವಣೆಯ ಮನೆಗೆಲಸ ಬಿಟ್ಟು ಬಂದಳು. ನಡೆದದ್ದು ಕೇಳಿ ಕೆಂಡವಾದಳು.

"ಲೋಕಲ್‌ನಾಗ ಸೀಟ ಬಿಟ್ಟು ಕೊಡ್ತಿದ್ರಿ, ಹೋಗ್ಲಿ ಅಂತಿದ್ದೆ. ಈಗ ಜೀವಾನೂ ಎದ್ದು ನಿಂತು ಕೊಡ್ತೀರೇನು?"

"ಮುದುಕಿ ಅಳ್ಲಿಕತ್ತಿತ್ತು. ನಾ ಸುಮ್ನ ಕೂತಿದ್ದೆ. ಏನ್ ಮಾಡ್ಲಿ ಹೇಳು" ಎಂದರು ಭೀಮಪ್ಪ ಮೆಲ್ಲಗೆ.

ಶಾಂತವ್ವ ಬೈಯುತ್ತಲೇ ಸೆರಗಿನಿಂದ ಅವರ ಹಣೆ ಒರೆಸಿದಳು. ಸುತ್ತಲಿದ್ದವರೆಲ್ಲ ನಕ್ಕರು. ಸುಮತಿ ಸಿಸ್ಟರ್ ಮಾತ್ರ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಮರುದಿನದಿಂದ ನಮಗೆ ಎರಡು ಹೊಸ ನಿಯಮ: ಕೆಂಪು ಕಟ್ಟಿದ ಕೈಯನ್ನು ಒಳಗೆ ಮುಟ್ಟಿಸುವವರೆಗೆ ಬಿಡಕೂಡದು; "ಏನಿಲ್ರಿ" ಅಂದವರನ್ನು ಎರಡು ಸಲ ನೋಡಬೇಕು. ರಿಬ್ಬನ್ ಅಂಗಡಿ ಅನ್ನುವ ಮಾತು ಡಾಕ್ಟರುಗಳ ಬಾಯಲ್ಲಿ ಮತ್ತೆ ಬರಲಿಲ್ಲ.

ಇದನ್ನೆಲ್ಲ ನೆನೆಯುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೋಪವೂ ಎಲ್ಲೋ ಇಳಿದುಹೋಗಿತ್ತು. ಕಡೆಗೂ ಕರೆ ಬಂತು. ನಮ್ಮ ಕನ್ನಡದವನೇ ಆದ ಎಳೆಯ ಡಾಕ್ಟರ್ ನನ್ನ ಹೆಸರು ಓದಿ, "ಬಹಳ ಕಾಯಿಸಿದ್ವಿ ಅಮ್ಮ, ತಪ್ಪು ತಿಳೀಬೇಡಿ" ಎಂದ.

"ಇರಲಿ ಬಿಡಪ್ಪ" ಎಂದೆ. "ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಕಡೆಗೆ ಕರೆಸಿಕೊಳ್ಳೋದಕ್ಕಿಂತ ಒಳ್ಳೇ ಸುದ್ದಿ ಇನ್ನೇನಿದೆ?"